ವಿಮಾನಯಾನ ಸಂಸ್ಥೆಗಳಿಗೊಂದು ಬಹಿರಂಗ ಪತ್ರ: ಹಳೆಯ ಜಾಹೀರಾತುಗಳ ಕೋಣೆಯ ಬೀಗ ತೆಗೆಯಿರಿ

ಮಾನ್ಯರೇ,

ಜಗತ್ತಿನ ವಿಮಾನಯಾನ ಸಂಸ್ಥೆಗಳನ್ನು ಇಂದು ಮುನ್ನಡೆಸುತ್ತಿರುವವರಿಗೆ, ಅವುಗಳ ಪ್ರಚಾರ ವಿಭಾಗದ ಹೊಣೆ ಹೊತ್ತವರಿಗೆ ಮತ್ತು ಎಂದೋ ಮುಚ್ಚಿಹೋದ ಸಂಸ್ಥೆಗಳ ಹೆಸರು, ಲಾಂಛನ, ಕಾಗದಪತ್ರಗಳ ಒಡೆತನ ಪಡೆದಿರುವವರಿಗೆ ಈ ಪತ್ರವನ್ನು ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ. 1920ರ ದಶಕದಿಂದ 1970ರ ದಶಕದ ಕೊನೆಯವರೆಗೆ ತಮ್ಮ ಸಂಸ್ಥೆಗಳು ಹೊರತಂದ ಭಿತ್ತಿಚಿತ್ರಗಳು, ಪತ್ರಿಕಾ ಜಾಹೀರಾತುಗಳು, ವೇಳಾಪಟ್ಟಿಗಳು, ಮಾರ್ಗನಕ್ಷೆಗಳು, ಊಟದ ಪಟ್ಟಿಗಳು, ಪೆಟ್ಟಿಗೆಗಳಿಗೆ ಅಂಟಿಸುತ್ತಿದ್ದ ಬಣ್ಣದ ಚೀಟಿಗಳು, ಟಿವಿ ಜಾಹೀರಾತಿನ ಚಿತ್ರಸುರುಳಿಗಳು, ಇವುಗಳಲ್ಲಿ ಉಳಿದಿರುವುದನ್ನೆಲ್ಲ ಸಾರ್ವಜನಿಕರಿಗೆ ತೆರೆದಿಡಿ. ಸಂಸ್ಥೆಯ ಹುಟ್ಟುಹಬ್ಬದ ವರ್ಷದಲ್ಲಿ ಹತ್ತಾರು ಚಿತ್ರಗಳನ್ನು ಹೊರತೆಗೆದು ತೋರಿಸಿ, ಹಬ್ಬ ಮುಗಿದೊಡನೆ ಮತ್ತೆ ಬೀಗ ಹಾಕುವ ರೂಢಿ ನಿಲ್ಲಬೇಕು ಎಂಬುದು ನನ್ನ ಮನವಿ. ಇದನ್ನು ಹಕ್ಕಿನ ಧ್ವನಿಯಲ್ಲಿ ಕೇಳಲು ನನಗಿರುವ ಕಾರಣಗಳನ್ನು ತುಸು ವಿವರವಾಗಿ ಹೇಳಬೇಕಾಗಿದೆ.

ಆ ಜಾಹೀರಾತುಗಳನ್ನು ನೋಡಿದವರಲ್ಲಿ ಬಹುಪಾಲು ಜನ ವಿಮಾನ ಹತ್ತಿದವರೇ ಅಲ್ಲ. ಟಿಕೆಟ್ ದರ ಅವರ ಕೈಗೆ ಎಟುಕುವಂತಿರಲಿಲ್ಲ. ಆದರೆ ಬುಕಿಂಗ್ ಕಚೇರಿಯ ಗಾಜಿನ ಹಿಂದೆ ತೂಗುಹಾಕಿದ ಚಿತ್ರವನ್ನು ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ನಿಂತು ನೋಡಬಹುದಿತ್ತು. ಗ್ರಂಥಾಲಯದ ಮೇಜಿನ ಮೇಲಿದ್ದ ವಾರಪತ್ರಿಕೆಯ ಪುಟವನ್ನು ಯಾರು ಬೇಕಾದರೂ ತಿರುವಬಹುದಿತ್ತು. ಕಚೇರಿಗಳಲ್ಲಿ ಉಚಿತವಾಗಿ ಹಂಚುತ್ತಿದ್ದ ವೇಳಾಪಟ್ಟಿಯನ್ನು ಮನೆಗೆ ಒಯ್ದು, ಅದರ ಹಿಂಬದಿಯ ಭೂಪಟದಲ್ಲಿ ಸಾಗರಗಳನ್ನು ದಾಟುವ ಕೆಂಪು ಗೆರೆಗಳ ಮೇಲೆ ಬೆರಳಾಡಿಸುತ್ತ ಭೂಗೋಳ ಕಲಿತ ಮಕ್ಕಳು ಎಲ್ಲ ದೇಶಗಳಲ್ಲೂ ಇದ್ದರು. ವಿಮಾನಯಾನದ ವೈಭವ ಎಂದು ನಾವಿಂದು ಯಾವುದನ್ನು ನೆನೆಯುತ್ತೇವೆಯೋ ಅದರ ಬಹುಭಾಗ ವಿಮಾನದ ಒಳಗಿದ್ದದ್ದಕ್ಕಿಂತ ಹೆಚ್ಚಾಗಿ ನೆಲದ ಮೇಲೆ, ಈ ಕಾಗದಗಳ ಮೇಲೆ ಇತ್ತು. ಹಾಗಾಗಿ ಅದರ ನೆನಪಿನಲ್ಲಿ ಟಿಕೆಟ್ ಕೊಂಡವರಿಗೆ ಎಷ್ಟು ಪಾಲಿದೆಯೋ ಕೊಳ್ಳಲಾಗದವರಿಗೂ ಅಷ್ಟೇ ಪಾಲಿದೆ.

ಆ ಕಾಲದ ಜಾಹೀರಾತುಗಳು ಅಷ್ಟು ಚೆನ್ನಾಗಿದ್ದುದಕ್ಕೆ ಆಗಿನವರ ಅಭಿರುಚಿಯೊಂದೇ ಕಾರಣವೆಂದು ನಾನು ನಂಬುವುದಿಲ್ಲ. ಅದಕ್ಕೆ ವ್ಯಾಪಾರದ ಗಟ್ಟಿಯಾದ ಕಾರಣವೊಂದಿತ್ತು. ಅಮೆರಿಕದೊಳಗಿನ ಟಿಕೆಟ್ ದರಗಳನ್ನು 1938ರಿಂದ ಸರ್ಕಾರಿ ಮಂಡಳಿಯೊಂದು ನಿಯಂತ್ರಿಸುತ್ತಿತ್ತು. 1945ರಲ್ಲಿ ಹವಾನಾದಲ್ಲಿ ಸ್ಥಾಪನೆಯಾದ, ವಿಮಾನಯಾನ ಸಂಸ್ಥೆಗಳದೇ ಒಕ್ಕೂಟವಾದ ಐಎಟಿಎ ಸಂಘಟನೆಯ ಸಮ್ಮೇಳನಗಳಲ್ಲಿ ಅಂತರರಾಷ್ಟ್ರೀಯ ದರಗಳು ತೀರ್ಮಾನವಾಗಿ ಸರ್ಕಾರಗಳ ಒಪ್ಪಿಗೆ ಪಡೆಯುತ್ತಿದ್ದವು. ಒಂದೇ ಮಾರ್ಗದಲ್ಲಿ ಹಾರುವ ಎರಡು ಸಂಸ್ಥೆಗಳು ಒಂದೇ ದರ ಕೇಳಬೇಕು, ಬಹಳಷ್ಟು ಸಲ ಹಾರಿಸುವ ವಿಮಾನವೂ ಒಂದೇ ಮಾದರಿಯದು ಎಂದಾದಾಗ, ಪ್ರಯಾಣಿಕರನ್ನು ಸೆಳೆಯಲು ಉಳಿದಿದ್ದು ಉಪಚಾರ ಮತ್ತು ಕಲ್ಪನೆ ಮಾತ್ರ. ಈ ಪೈಪೋಟಿ ಎಲ್ಲಿಗೆ ಮುಟ್ಟಿತ್ತೆಂಬುದಕ್ಕೆ 1958ರ ಸ್ಯಾಂಡ್‌ವಿಚ್ ವ್ಯಾಜ್ಯವೇ ಸಾಕ್ಷಿ. ಆ ವರ್ಷದ ಏಪ್ರಿಲ್‌ನಲ್ಲಿ ಉತ್ತರ ಅಟ್ಲಾಂಟಿಕ್ ಮಾರ್ಗದಲ್ಲಿ ಅಗ್ಗದ ಎಕಾನಮಿ ದರ್ಜೆ ಆರಂಭವಾದಾಗ, ಅದರಲ್ಲಿ ಪ್ರಯಾಣಿಸುವವರಿಗೆ ಸರಳವಾದ ಸ್ಯಾಂಡ್‌ವಿಚ್ ಮಾತ್ರ ಕೊಡಬೇಕೆಂಬ ನಿಯಮವಿತ್ತು. ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಮುಂತಾದ ಯುರೋಪಿನ ಸಂಸ್ಥೆಗಳು ಬ್ರೆಡ್ಡಿನ ಮೇಲೆ ಬಗೆಬಗೆಯ ಭಕ್ಷ್ಯಗಳನ್ನು ಪೇರಿಸಿ ಪೂರ್ತಿ ಊಟವನ್ನೇ ಬಡಿಸುತ್ತಿವೆ ಎಂದು ಅಮೆರಿಕದ ಪ್ಯಾನ್ ಆಮ್ ಸಂಸ್ಥೆ ದೂರು ಕೊಟ್ಟಿತು. ಸ್ಯಾಂಡ್‌ವಿಚ್ ಎಂದರೆ ಏನು, ಏನಲ್ಲ ಎಂಬುದನ್ನು ಐಎಟಿಎ ಗಂಭೀರವಾಗಿ ಕುಳಿತು ನಿರ್ಣಯಿಸಬೇಕಾಯಿತು. ಇಂಥ ಬಿಗಿಯ ನಡುವೆ ಕಲಾವಿದನ ಕುಂಚವೊಂದೇ ಯಾವ ನಿಯಮಕ್ಕೂ ಒಳಪಡದೆ ಉಳಿದಿತ್ತು. ಸಂಸ್ಥೆಗಳು ಅದನ್ನು ಧಾರಾಳವಾಗಿ ಬಳಸಿಕೊಂಡವು.

ಏರ್ ಫ್ರಾನ್ಸ್‌ಗಾಗಿ ಲೂಸಿಯೆನ್ ಬುಷೆ ರಚಿಸಿದ ಭೂಪಟಗಳನ್ನೇ ನೋಡಿ. ವಿಮಾನ ಎಲ್ಲಿಂದ ಎಲ್ಲಿಗೆ ಹಾರುತ್ತದೆ ಎಂದಷ್ಟೇ ತಿಳಿಸಬೇಕಿದ್ದ ನಕ್ಷೆಯಲ್ಲಿ ಅವರು ಖಂಡಗಳನ್ನು ಪ್ರಾಣಿಗಳಿಂದ, ಕಟ್ಟಡಗಳಿಂದ, ಆಯಾ ನೆಲದ ಜನರಿಂದ ತುಂಬಿದರು. ಒಂದೊಂದು ನಕ್ಷೆಯನ್ನೂ ಗಂಟೆಗಟ್ಟಲೆ ಓದಬಹುದು. ಅದೇ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಜಾರ್ಜ್ ಮಾತ್ಯೂ ಎಂಬ ಅಮೂರ್ತ ಚಿತ್ರಕಾರನಿಗೆ ದೇಶಗಳನ್ನು ಹಂಚಿಕೊಟ್ಟಿತು, ಆತ ಒಂದೊಂದು ದೇಶವನ್ನೂ ರಭಸದ ಗೆರೆಗಳಲ್ಲಿ ಹಿಡಿದಿಟ್ಟ. ಅಮೆರಿಕದ ಟಿಡಬ್ಲ್ಯುಎ ವಿಮಾನಯಾನ ಸಂಸ್ಥೆಗಾಗಿ ಡೇವಿಡ್ ಕ್ಲೈನ್ ಬರೆದ ನ್ಯೂಯಾರ್ಕ್ ಭಿತ್ತಿಚಿತ್ರದಲ್ಲಿ ಟೈಮ್ಸ್ ಚೌಕದ ದೀಪಗಳೆಲ್ಲ ಬಣ್ಣದ ತುಣುಕುಗಳಾಗಿ ಒಡೆದು ಚೆಲ್ಲಿವೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1957ರಲ್ಲೇ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಟಿಕೆಟ್ ಮಾರಲೆಂದು ಅಚ್ಚು ಹಾಕಿದ ಕಾಗದವನ್ನು ಕಲಾಕೃತಿಯೆಂದು ಗುರುತಿಸಲು ಆಗಿನವರಿಗೆ ಅರ್ಧ ಶತಮಾನ ಕಾಯಬೇಕಾಗಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಇಂದಿನ ಬ್ರಿಟಿಷ್ ಏರ್‌ವೇಸ್‌ನ ಪೂರ್ವಜ ಸಂಸ್ಥೆಯಾದ ಇಂಪೀರಿಯಲ್ ಏರ್‌ವೇಸ್‌ಗಾಗಿ 1932ರಲ್ಲಿ ಥೇರ್ ಲೀ-ಎಲಿಯಟ್ ಕೆಲವೇ ಗೆರೆಗಳಲ್ಲಿ ಬಿಡಿಸಿದ ಹಕ್ಕಿಯ ಲಾಂಛನದ ಹೆಸರು ಸ್ಪೀಡ್‌ಬರ್ಡ್; ಬ್ರಿಟಿಷ್ ಏರ್‌ವೇಸ್‌ನ ಪೈಲಟ್‌ಗಳು ರೇಡಿಯೋದಲ್ಲಿ ಇವತ್ತಿಗೂ ತಮ್ಮ ವಿಮಾನವನ್ನು ಅದೇ ಹೆಸರಿನಿಂದ ಕರೆದುಕೊಳ್ಳುತ್ತಾರೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಪ್ರಿಯವಾದುದು 1957ರ ಕಪ್ಪು ಬಿಳುಪಿನ ಒಂದು ಪತ್ರಿಕಾ ಜಾಹೀರಾತು. ಇಸ್ರೇಲಿನ ಎಲ್ ಆಲ್ ಸಂಸ್ಥೆ ಆಗ ಬ್ರಿಟಾನಿಯಾ ಎಂಬ ಹೆಚ್ಚು ವೇಗದ ಹೊಸ ವಿಮಾನವನ್ನು ಅಟ್ಲಾಂಟಿಕ್ ಮಾರ್ಗಕ್ಕೆ ತರುವುದರಲ್ಲಿತ್ತು. ಡಾಯ್ಲ್ ಡೇನ್ ಬರ್ನ್‌ಬ್ಯಾಕ್ ಎಂಬ ಜಾಹೀರಾತು ಕಂಪನಿ ಪುಟದ ತುಂಬ ಸಮುದ್ರದ ಛಾಯಾಚಿತ್ರ ಹಾಕಿ, ಅದರ ಒಂದು ಅಂಚನ್ನು ಹರಿದು ತೋರಿಸಿ, ಡಿಸೆಂಬರ್ 23ರಿಂದ ಅಟ್ಲಾಂಟಿಕ್ ಸಾಗರ ಶೇಕಡಾ 20ರಷ್ಟು ಚಿಕ್ಕದಾಗಲಿದೆ ಎಂದು ಬರೆಯಿತು. ಅದರಲ್ಲಿ ವಿಮಾನದ ಚಿತ್ರವಿಲ್ಲ, ನಗುವ ಮುಖವಿಲ್ಲ, ದರವೂ ಇಲ್ಲ. ಇರುವುದು ಒಂದು ದಿನಾಂಕ, ಒಂದು ಅಂಕಿ ಮತ್ತು ಅದರ ಅರ್ಥವನ್ನು ತಾನೇ ಗ್ರಹಿಸಬಲ್ಲ ಓದುಗನ ಮೇಲಿನ ಪೂರ್ಣ ವಿಶ್ವಾಸ. ಓದುವವನು ಬುದ್ಧಿವಂತ ಎಂದು ನಂಬಿ ಮಾತಾಡುವ ಈ ಗೌರವವೇ ಆ ಕಾಲದ ಉತ್ತಮ ಜಾಹೀರಾತುಗಳ ಜೀವಾಳ ಎಂದು ನಾನು ತಿಳಿದಿದ್ದೇನೆ.

ದಿಟ್ಟತನಕ್ಕೂ ಕೊರತೆಯಿರಲಿಲ್ಲ. ಬ್ರಾನಿಫ್ ಎಂಬ ಅಮೆರಿಕದ ಸಂಸ್ಥೆ 1965ರಲ್ಲಿ ಜಾಹೀರಾತು ತಜ್ಞೆ ಮೇರಿ ವೆಲ್ಸ್ ಅವರ ಸಲಹೆಯಂತೆ ಮಾಮೂಲಿ ವಿಮಾನದ ಕಾಲ ಮುಗಿಯಿತೆಂದು ಸಾರಿ, ವಿನ್ಯಾಸಕ ಅಲೆಕ್ಸಾಂಡರ್ ಗಿರಾರ್ಡ್ ಆರಿಸಿದ ಗಾಢ ಬಣ್ಣಗಳನ್ನು ವಿಮಾನಗಳಿಗೆ ಬಳಿಸಿತು, ಇಟಲಿಯ ಉಡುಪು ವಿನ್ಯಾಸಕ ಎಮಿಲಿಯೊ ಪುಚ್ಚಿ ಅವರಿಂದ ಸಿಬ್ಬಂದಿಯ ಉಡುಪು ವಿನ್ಯಾಸ ಮಾಡಿಸಿತು. 1973ರಲ್ಲಿ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರಿಗೆ ಒಂದು ಡಿಸಿ-8 ವಿಮಾನವನ್ನೇ ಚಿತ್ರ ಬರೆಯುವ ಹಾಳೆಯಾಗಿ ಒಪ್ಪಿಸಿತು. ಏರ್ ಇಂಡಿಯಾದ ಬಾಬ್ಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ 1946ರಲ್ಲಿ ಸೃಷ್ಟಿಸಿದ ಮಹಾರಾಜ, ದೊಡ್ಡ ಮೀಸೆ ಹೊತ್ತು ಬಾಗಿ ನಮಸ್ಕರಿಸುತ್ತ, ಊರೂರಿಗೆ ವೇಷ ಬದಲಿಸುತ್ತ, ದೊಡ್ಡ ಸಂಸ್ಥೆಗಳ ನಡುವೆ ಒಂದು ಚಿಕ್ಕ ಸಂಸ್ಥೆಯನ್ನು ಜಗತ್ತು ಗುರುತಿಸುವಂತೆ ಮಾಡಿದ. ಅದೇ ಸಂಸ್ಥೆ 1967ರಲ್ಲಿ ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯಿಂದ ಸಿಗರೇಟಿನ ಬೂದಿ ಬಟ್ಟಲೊಂದನ್ನು ವಿನ್ಯಾಸ ಮಾಡಿಸಿದಾಗ ಆತ ಸಂಭಾವನೆಯಾಗಿ ಕೇಳಿದ್ದು ಒಂದು ಆನೆಮರಿಯನ್ನು, ಮತ್ತು ಅದು ಅವನಿಗೆ ಸಿಕ್ಕಿತು ಕೂಡ.

ಇನ್ನು ಪ್ಯಾನ್ ಆಮ್‌ನ ಚಂದ್ರಯಾನದ ಕಾರ್ಡುಗಳು. ಚಂದ್ರನಲ್ಲಿಗೆ ಮುಂದೆಂದಾದರೂ ಹಾರಾಟ ಆರಂಭವಾದರೆ ಅದರಲ್ಲಿ ಆಸನ ಬಯಸುವವರ ಹೆಸರನ್ನು ಈ ಸಂಸ್ಥೆ ನೋಂದಾಯಿಸಿಕೊಳ್ಳುತ್ತಿತ್ತು. 1968ರಿಂದ 1971ರವರೆಗೆ ಹೆಸರು ಬರೆಸಿದವರಿಗೆ ಕ್ರಮಸಂಖ್ಯೆಯುಳ್ಳ ಸದಸ್ಯತ್ವದ ಕಾರ್ಡನ್ನು ಕಳಿಸಿಕೊಟ್ಟಿತು. ಅದಕ್ಕಾಗಿ ಯಾರಿಂದಲೂ ಹಣ ಪಡೆಯಲಿಲ್ಲ. ಸುಮಾರು 93,000 ಜನ ಹೆಸರು ಕೊಟ್ಟರು. ಪ್ರಚಾರಕ್ಕಾಗಿಯೇ ಮಾಡಿದ್ದು ನಿಜ. ಆದರೂ ಒಂದು ವಿಮಾನಯಾನ ಸಂಸ್ಥೆಯ ಮಾತನ್ನು ನಂಬಿ ಇಷ್ಟೊಂದು ಮಂದಿ ಚಂದ್ರನಿಗೆ ಸರದಿಯಲ್ಲಿ ನಿಂತರು ಎಂದರೆ, ಜನ ಅದರ ಮೇಲೆ ಇಟ್ಟಿದ್ದ ಭರವಸೆ ಎಂಥದ್ದಿರಬೇಕೆಂದು ಯೋಚಿಸಿ ನೋಡಿ. ಆ ಸಂಸ್ಥೆ 1991ರ ಡಿಸೆಂಬರ್‌ನಲ್ಲಿ ಮುಚ್ಚಿತು. ಕಾರ್ಡುಗಳನ್ನು ಹಲವು ಮನೆಗಳಲ್ಲಿ ಈಗಲೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಇಷ್ಟೆಲ್ಲ ಮೆಚ್ಚಿ ಬರೆದ ಮೇಲೆ, ಆ ಕಾಗದಗಳು ಮರೆಮಾಚಿದ ಸಂಗತಿಗಳನ್ನು ಹೇಳದಿದ್ದರೆ ಪತ್ರ ಪ್ರಾಮಾಣಿಕವಾಗುವುದಿಲ್ಲ. ಒಳಗಿನ ಗಾಳಿಯ ಒತ್ತಡವನ್ನು ಕಾಯ್ದುಕೊಂಡು ಹೆಚ್ಚು ಎತ್ತರದಲ್ಲಿ ಹಾರಬಲ್ಲ ಬೋಯಿಂಗ್ 307 ವಿಮಾನ 1940ರಲ್ಲಿ ಸೇವೆಗೆ ಬರುವವರೆಗೆ ಪ್ರಯಾಣಿಕ ವಿಮಾನಗಳು ಮೋಡ ಬಿರುಗಾಳಿಗಳ ನಡುವೆಯೇ ಹಾರಬೇಕಿತ್ತು. ಜಾಹೀರಾತಿನಲ್ಲಿ ಕಾಫಿ ಹೀರುತ್ತ ಕುಳಿತ ಪ್ರಯಾಣಿಕ ವಾಸ್ತವದಲ್ಲಿ ಹೊಟ್ಟೆ ತೊಳಸಿ ಕಂಗಾಲಾಗಿರುತ್ತಿದ್ದ. ಲಂಡನ್‌ನಿಂದ ಜೋಹಾನ್ಸ್‌ಬರ್ಗ್‌ಗೆ 1952ರ ಮೇ 2ರಂದು ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ಸೇವೆ ಆರಂಭಿಸಿದ ಕಾಮೆಟ್ ವಿಮಾನ ನವಿರಾದ ಹಾರಾಟಕ್ಕೆ ಹೆಸರಾಗಿತ್ತು, ಆದರೆ 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಅಂಥ ಎರಡು ವಿಮಾನಗಳು ಲೋಹದ ದಣಿವಿನಿಂದ, ಅಂದರೆ ಮತ್ತೆ ಮತ್ತೆ ಒತ್ತಡಕ್ಕೆ ಸಿಕ್ಕ ಲೋಹ ಬಿರುಕು ಬಿಟ್ಟು, ಆಕಾಶದಲ್ಲೇ ಸಿಡಿದವು. ಕ್ಯಾಬಿನ್ನುಗಳಲ್ಲಿ ಸಿಗರೇಟಿನ ಹೊಗೆ ತುಂಬಿರುತ್ತಿತ್ತು. ಇಂದಿನ ಅಗ್ಗದ ಆಸನದಲ್ಲಿ ಕುಳಿತವರು ಅಂದಿನ ಅತಿ ಶ್ರೀಮಂತ ಪ್ರಯಾಣಿಕನಿಗಿಂತ ಎಷ್ಟೋ ಪಾಲು ಸುರಕ್ಷಿತರು. ಇದು ತಮ್ಮ ಎಂಜಿನಿಯರುಗಳ, ಪೈಲಟ್‌ಗಳ ದೊಡ್ಡ ಸಾಧನೆ, ಅದರ ಬದಲಿಗೆ ಹಳೆಯ ದಿನಗಳು ಬರಲಿ ಎಂದು ನಾನು ಎಂದಿಗೂ ಕೇಳುವುದಿಲ್ಲ.

ಆ ವೈಭವದ ಬೆಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ತೆತ್ತವರು ಗಗನಸಖಿಯರು. ಎಲೆನ್ ಚರ್ಚ್ ಎಂಬ ದಾದಿ 1930ರ ಮೇ 15ರಂದು ಮೊದಲ ಗಗನಸಖಿಯಾಗಿ ವಿಮಾನ ಹತ್ತಿದಾಗ ಆ ಕೆಲಸಕ್ಕೆ ಆರೈಕೆಯ ಅರ್ಥವಿತ್ತು. ಮುಂದಿನ ದಶಕಗಳಲ್ಲಿ ಜಾಹೀರಾತುಗಳು ಅವರನ್ನು ಮಾರಾಟದ ಸರಕಿನಂತೆ ತೋರಿಸತೊಡಗಿದವು. ಅಮೆರಿಕನ್ ಏರ್‌ಲೈನ್ಸ್ 1953ರಲ್ಲಿ 32ನೇ ವಯಸ್ಸಿಗೆ ಗಗನಸಖಿಯರು ಹಾರಾಟ ನಿಲ್ಲಿಸಬೇಕೆಂಬ ನಿಯಮ ತಂದಿತು. ಮದುವೆಯಾದರೆ ಕೆಲಸ ಹೋಗುತ್ತಿದ್ದ ಸಂಸ್ಥೆಗಳು ಅನೇಕ. ಅಮೆರಿಕದ ಮೊದಲ ಕಪ್ಪುವರ್ಣೀಯ ಗಗನಸಖಿ ರೂತ್ ಕ್ಯಾರಲ್ ಟೇಲರ್ 1958ರ ಫೆಬ್ರವರಿಯಲ್ಲಿ ಮೊಹಾಕ್ ಸಂಸ್ಥೆಯ ವಿಮಾನದಲ್ಲಿ ಹಾರಿದರು, ಕೆಲವೇ ತಿಂಗಳಲ್ಲಿ ಇದೇ ವಿವಾಹ ನಿಷೇಧ ಅವರ ವೃತ್ತಿಯನ್ನು ಕೊನೆಗೊಳಿಸಿತು. ಬ್ರಾನಿಫ್‌ನ ಒಂದು ಟಿವಿ ಜಾಹೀರಾತು ಗಗನಸಖಿ ಪದರ ಪದರವಾಗಿ ಉಡುಪು ಕಳಚುವುದನ್ನೇ ವಿಷಯವಾಗಿಸಿಕೊಂಡಿತು. ನ್ಯಾಷನಲ್ ಏರ್‌ಲೈನ್ಸ್ 1971ರಲ್ಲಿ ತನ್ನ ಗಗನಸಖಿಯರ ಬಾಯಲ್ಲಿ ತಮ್ಮ ಹೆಸರು ಹೇಳಿಸಿ, ತಮ್ಮನ್ನೇ ಹಾರಿಸಿರೆಂದು ದ್ವಂದ್ವಾರ್ಥದಲ್ಲಿ ಆಹ್ವಾನ ಕೊಡಿಸಿತು, ಮಹಿಳಾ ಸಂಘಟನೆಗಳು ಅದನ್ನು ಪ್ರತಿಭಟಿಸಿದವು. ಅದೇ ವರ್ಷ ಪ್ಯಾನ್ ಆಮ್ ವಿರುದ್ಧ ಗಂಡಸೊಬ್ಬರು ಹೂಡಿದ ಮೊಕದ್ದಮೆಯಲ್ಲಿ, ಈ ಕೆಲಸಕ್ಕೆ ಹೆಣ್ಣಾಗಿರುವುದು ಅಗತ್ಯ ಅರ್ಹತೆಯಲ್ಲ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ನಾನು ತೆರೆದಿಡಿ ಎನ್ನುತ್ತಿರುವ ಸಂಗ್ರಹದಲ್ಲಿ ಈ ಪುಟಗಳೂ ಇರಲೇಬೇಕು. ಸುಂದರವಾದವನ್ನು ಆಯ್ದು ಕೊಟ್ಟು ನಾಚಿಕೆಗೇಡಿನವನ್ನು ಬಚ್ಚಿಟ್ಟರೆ, ಅದು ಹಳೆಯ ಜಾಹೀರಾತಿನ ಮೇಲೆ ಮಾಡಿದ ಹೊಸ ಜಾಹೀರಾತಾಗುತ್ತದೆ. ಉಡುಪಿನ ನಿಯಮಾವಳಿಗಳು, ತೂಕ ನೋಡುವ ಪಟ್ಟಿಗಳು, ಗಗನಸಖಿಯರು ಬರೆದ ದೂರುಗಳು ಎಲ್ಲವೂ ಭಿತ್ತಿಚಿತ್ರಗಳ ಪಕ್ಕದಲ್ಲೇ ಓದಲು ಸಿಗಬೇಕು.

ಅಮೆರಿಕದಲ್ಲಿ 1978ರ ಅಕ್ಟೋಬರ್‌ನಲ್ಲಿ ದರ ನಿಯಂತ್ರಣವನ್ನು ಸಡಿಲಿಸುವ ಕಾಯ್ದೆ ಬಂತು, ಬೇರೆ ಭಾಗಗಳೂ ಕ್ರಮೇಣ ಅದೇ ದಾರಿ ಹಿಡಿದವು. ವಿಮಾನ ಸಾಮಾನ್ಯರಿಗೆ ಸಿಕ್ಕಿತು, ಅದು ಒಳ್ಳೆಯದೇ ಆಯಿತು. ಆದರೆ ಜಾಹೀರಾತಿನ ವಿಷಯ ಅಂದಿನಿಂದ ಕುಗ್ಗುತ್ತ ಬಂದು ಒಂದು ಅಂಕಿಗೆ ನಿಂತಿದೆ, ಆ ಅಂಕಿಯೂ ಪೂರ್ತಿ ನಿಜವಲ್ಲ. ಪೆಟ್ಟಿಗೆಗೆ, ಆಸನ ಆರಿಸುವುದಕ್ಕೆ, ಮೊದಲು ಹತ್ತುವುದಕ್ಕೆ ಬೇರೆ ಬೇರೆ ಶುಲ್ಕ ಸೇರಿದ ಮೇಲೆಯೇ ಪ್ರಯಾಣಿಕನಿಗೆ ನಿಜವಾದ ದರ ತಿಳಿಯುತ್ತದೆ. ಹೋಗುವ ಊರು ಯಾವುದು, ಅದು ಎಷ್ಟು ದೂರ, ನಡುವೆ ಯಾವ ಸಮುದ್ರ ದಾಟುತ್ತೇವೆ ಎಂಬ ಮಾತೇ ಇಲ್ಲ. ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಕುಳಿತು ಮೋಡಗಳ ಮೇಲಿನ ಬೆಳಕನ್ನು ನೋಡುವ ಅವಕಾಶ ಮನುಷ್ಯಕುಲದ ಇತಿಹಾಸದಲ್ಲಿ ಕೆಲವೇ ತಲೆಮಾರುಗಳಿಗೆ ಸಿಕ್ಕಿದೆ, ಅದನ್ನು ಮಾರುವವರೇ ಅದರ ಬಗ್ಗೆ ಮೌನವಾಗಿದ್ದಾರೆ. ವಿಮಾನದ ಹೊಗೆ ವಾತಾವರಣಕ್ಕೆ ಮಾಡುವ ಹಾನಿ ಗೊತ್ತಿರುವ ಈ ಕಾಲದಲ್ಲಂತೂ ಪ್ರಯಾಣವನ್ನು ಅಪರೂಪದ, ಯೋಚಿಸಿ ಕೈಗೊಳ್ಳಬೇಕಾದ ಸಂಗತಿಯೆಂದು ಕಾಣಿಸಿದ ಹಳೆಯ ದೃಷ್ಟಿಯಿಂದ ಕಲಿಯಬೇಕಾದುದು ಬಹಳಷ್ಟಿದೆ.

ಹಳೆಯ ಕಾಗದ ಮತ್ತು ಫಿಲ್ಮು ನಮಗಾಗಿ ಕಾಯುತ್ತ ಕೂರುವುದಿಲ್ಲ. ಅಗ್ಗದ ಕಾಗದದಲ್ಲಿರುವ ಆಮ್ಲ ಅದನ್ನು ಒಳಗಿನಿಂದಲೇ ಹಳದಿಯಾಗಿಸಿ ಪುಡಿಮಾಡುತ್ತದೆ. ಆಸಿಟೇಟ್ ಫಿಲ್ಮಿನ ಸುರುಳಿಗಳು ವಿನೆಗರ್ ವಾಸನೆ ಬೀರುತ್ತ ಕುಗ್ಗಿ ಸೊಟ್ಟಗಾಗುತ್ತವೆ, ಒಂದು ಡಬ್ಬಿಯಲ್ಲಿ ಶುರುವಾದದ್ದು ಪಕ್ಕದ ಡಬ್ಬಿಗಳಿಗೂ ಹಬ್ಬುತ್ತದೆ. 1956ರಲ್ಲಿ ಬಳಕೆಗೆ ಬಂದ ಎರಡು ಇಂಚು ಅಗಲದ ವಿಡಿಯೋ ಟೇಪುಗಳನ್ನು ಓಡಿಸಬಲ್ಲ ಯಂತ್ರಗಳು ಈಗ ತೀರಾ ವಿರಳ. ಇದರ ಜೊತೆಗೆ ಸಂಸ್ಥೆಗಳು ವಿಲೀನವಾದಾಗ, ಕಚೇರಿ ಬದಲಿಸಿದಾಗ ಮೊದಲು ಕಸಕ್ಕೆ ಹೋಗುವುದು ಪ್ರಚಾರ ವಿಭಾಗದ ಹಳೆಯ ಪೆಟ್ಟಿಗೆಗಳೇ. ಉಳಿದ ಭಿತ್ತಿಚಿತ್ರಗಳು ಹರಾಜಿನಲ್ಲಿ ಖಾಸಗಿ ಗೋಡೆಗಳನ್ನು ಸೇರುತ್ತವೆ. ಜನರ ಕೈಗೆ ಸಿಗುವುದು ಕಲಾವಿದನ ಹೆಸರು ಅಳಿಸಿಹೋದ, ಬಣ್ಣ ಕೆಟ್ಟ ನಕಲುಗಳು.

ಇದನ್ನು ತಪ್ಪಿಸಬಹುದೆಂದು ತೋರಿಸಿದವರಿದ್ದಾರೆ. ಪ್ಯಾನ್ ಆಮ್‌ನ ದಾಖಲೆಗಳ ಬಹುದೊಡ್ಡ ಸಂಗ್ರಹ ಮಯಾಮಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಸ್ವಿಸ್‌ಏರ್ 2001ರ ಅಕ್ಟೋಬರ್‌ನಲ್ಲಿ ನೆಲಕಚ್ಚಿದರೂ ಅದರ ಛಾಯಾಚಿತ್ರಗಳು ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನೋಡಸಿಗುತ್ತವೆ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣ ತನ್ನದೇ ವಸ್ತುಸಂಗ್ರಹಾಲಯ ನಡೆಸುತ್ತ ಸಮವಸ್ತ್ರಗಳಿಂದ ಹಿಡಿದು ಊಟದ ತಟ್ಟೆಗಳವರೆಗೆ ಕಾಪಾಡಿಕೊಂಡು ಬಂದಿದೆ. ಸ್ಮಿತ್ಸೋನಿಯನ್ ಸಂಸ್ಥೆಯ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿ ಇಂಥ ಭಿತ್ತಿಚಿತ್ರಗಳ ದೊಡ್ಡ ರಾಶಿಯೇ ಇದೆ. ಮುಚ್ಚಿಹೋದ ಸಂಸ್ಥೆಗಳ ವಿಷಯದಲ್ಲಿ ಸಾಧ್ಯವಾದದ್ದು ಲಾಭದಲ್ಲಿ ನಡೆಯುತ್ತಿರುವ ಸಂಸ್ಥೆಗಳಿಗೆ ಅಸಾಧ್ಯವಾಗಲಾರದು.

ತಾವು ಮಾಡಬೇಕಾದದ್ದು ಇಷ್ಟು. ಉಳಿದಿರುವ ಪ್ರತಿಯೊಂದು ಚಿತ್ರವನ್ನೂ ಉತ್ತಮ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿಸಿ, ಅಚ್ಚಾದ ವರ್ಷ, ಮುದ್ರಣಾಲಯ, ಜಾಹೀರಾತು ಕಂಪನಿ ಮತ್ತು ಮುಖ್ಯವಾಗಿ ಕಲಾವಿದರ ಹೆಸರಿನೊಂದಿಗೆ ಪ್ರಕಟಿಸಿ. ಒಪ್ಪಿಗೆಯಾಗದೆ ಉಳಿದ ಕರಡು ರೇಖಾಚಿತ್ರಗಳಿದ್ದರೆ ಅವನ್ನೂ ಸೇರಿಸಿ, ಒಂದು ಕಲ್ಪನೆ ಹೇಗೆ ರೂಪುಗೊಂಡಿತೆಂದು ತಿಳಿಯುವುದು ಅವುಗಳಿಂದಲೇ. ಮೂಲ ಪ್ರತಿಗಳನ್ನು ಸಾರ್ವಜನಿಕ ಗ್ರಂಥಾಲಯಕ್ಕೋ ಸಂಗ್ರಹಾಲಯಕ್ಕೋ ಶಾಶ್ವತವಾಗಿ ಒಪ್ಪಿಸುವ ಕರಾರು ಮಾಡಿಕೊಳ್ಳಿ, ಸಂಸ್ಥೆ ಮಾರಾಟವಾದರೂ ಆ ಕರಾರು ಮುರಿಯದಂತೆ ಬರೆಸಿ. ಲಾಂಛನದ ದುರುಪಯೋಗವಾದೀತೆಂದು ತಮ್ಮ ಕಾನೂನು ವಿಭಾಗ ಆಕ್ಷೇಪಿಸಬಹುದು. ವ್ಯಾಪಾರದ ಹಕ್ಕನ್ನು ಉಳಿಸಿಕೊಂಡೇ ಓದು, ಪಾಠ, ಸಂಶೋಧನೆಗೆ ಅನುಮತಿ ಕೊಡುವುದಕ್ಕೆ ಅಡ್ಡಿಯೇನೂ ಇಲ್ಲ. ಹಕ್ಕುಸ್ವಾಮ್ಯ ಕಲಾವಿದರ ಮನೆಯವರ ಬಳಿ ಇರುವ ಕಡೆ ಅವರನ್ನು ಹುಡುಕಿ, ಕೇಳಿ, ಸಲ್ಲಬೇಕಾದ ಹಣ ಸಲ್ಲಿಸಿ. ಎಷ್ಟೋ ಕಲಾವಿದರಿಗೆ ಬದುಕಿದ್ದಾಗ ದೊರೆಯದ ಮನ್ನಣೆ ಆ ನೆಪದಲ್ಲಾದರೂ ದೊರೆಯಲಿ.

ಇದರೊಂದಿಗೆ ಇನ್ನೊಂದು ಚಿಕ್ಕ ಮಾತು. ಇವತ್ತೂ ಒಳ್ಳೆಯ ಚಿತ್ರಕಾರರು ಇದ್ದಾರೆ. ತಾವು ಹೊಸದಾಗಿ ಆರಂಭಿಸುವ ಮಾರ್ಗಕ್ಕೆ ವರ್ಷಕ್ಕೊಮ್ಮೆಯಾದರೂ ಒಬ್ಬ ಚಿತ್ರಕಾರರನ್ನು ಆ ಊರಿಗೆ ಕಳಿಸಿ, ಅವರಿಗೆ ಕಂಡದ್ದನ್ನು ಬರೆಯಲು ಬಿಟ್ಟು, ಚಿತ್ರದ ಕೆಳಗೆ ಅವರ ಸಹಿ ಉಳಿಯಲು ಅವಕಾಶ ಕೊಡಿ. ವಿಮಾನ ನಿಲ್ದಾಣಗಳ ಉದ್ದನೆಯ ಓಣಿಗಳ ಗೋಡೆಗಳು ಅದಕ್ಕೆ ಸಾಲದೆ ಹೋಗುವುದಿಲ್ಲ.

ಈ ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಫಿಲ್ಮು ಮತ್ತು ಟೇಪುಗಳಿಂದ ಎನ್ನುತ್ತೇನೆ, ಏಕೆಂದರೆ ಮೊದಲು ಸಾಯುವುದು ಅವೇ. ತಮ್ಮ ಉಗ್ರಾಣದಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಈ ವರ್ಷವೇ ಪ್ರಕಟಿಸಿದರೂ ಸಾಕು. ಗ್ರಂಥಪಾಲಕರು, ಇತಿಹಾಸಕಾರರು, ವಿನ್ಯಾಸದ ವಿದ್ಯಾರ್ಥಿಗಳು ಮತ್ತು ನಿವೃತ್ತರಾದ ತಮ್ಮದೇ ಸಿಬ್ಬಂದಿ ಮುಂದಿನ ಕೆಲಸಕ್ಕೆ ಕೈಜೋಡಿಸಲು ಸಿದ್ಧರಿರುತ್ತಾರೆಂಬ ನಂಬಿಕೆ ನನಗಿದೆ. ತಮ್ಮ ಉತ್ತರವನ್ನು ಬಹಿರಂಗವಾಗಿಯೇ ನೀಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಮಾನ ಪ್ರಯಾಣಿಕ